ಆಯಿಲ್ ಫೀಲ್ಡ್‌ನಲ್ಲಿ ಲಾರಿ ಓಡಿಸುವ ಕೆಲಸ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಕಲೇಶಪುರದ ಕಡೆಯವನು. ಆರು ವರ್ಷ ಹಾಸನದಿಂದ ಪೆಟ್ರೋಲ್ ಟ್ಯಾಂಕರ್ ಓಡಿಸಿದೆ. ಆಮೇಲೆ ಒಂಬತ್ತು ವರ್ಷ ಕುವೈತ್‌ನ ಎಣ್ಣೆ ಬಾವಿಗಳ ನಡುವೆ ನೀರಿನ ಟ್ಯಾಂಕರ್. ಈಗ ಊರಲ್ಲೇ ಇದ್ದೇನೆ, ಒಂದಿಷ್ಟು ಕಾಫಿ, ಮೆಣಸು. ವಾರಕ್ಕೆ ಒಬ್ಬನಾದರೂ ಹುಡುಗ ಬಂದು "ಅಣ್ಣಾ, ಆಯಿಲ್ ಫೀಲ್ಡ್‌ಗೆ ಹೋಗೋದು ಹೇಗೆ" ಅಂತ ಕೇಳುತ್ತಾನೆ. ಟೀ ಅಂಗಡಿಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಟ್ಟೆ.

ಆಯಿಲ್ ಫೀಲ್ಡ್ ಕೆಲಸ ಅಂದ್ರೆ ಪೆಟ್ರೋಲ್ ಟ್ಯಾಂಕರ್ ಓಡಿಸೋದೇ ಅಲ್ವಾ?

ಅಲ್ಲ. ಪೆಟ್ರೋಲ್ ಆಗುವುದು ರಿಫೈನರಿಯಲ್ಲಿ. ಆಯಿಲ್ ಫೀಲ್ಡ್ ಅಂದರೆ ನೆಲಕ್ಕೆ ಬಾವಿ ಕೊರೆದು ಕಚ್ಚಾ ಎಣ್ಣೆ ತೆಗೆಯುವ ಜಾಗ. ಅಲ್ಲಿ ಲಾರಿಗಳು ಹೊತ್ತೊಯ್ಯುವುದರಲ್ಲಿ ಎಣ್ಣೆಗಿಂತ ಬೇರೆ ಸಾಮಾನೇ ಜಾಸ್ತಿ. ನಮ್ಮೂರಲ್ಲಿ ಬೋರ್‌ವೆಲ್ ಕೊರೆಸುವಾಗ ಎರಡು ಲಾರಿ ಬರುತ್ತವಲ್ಲ, ಒಂದರಲ್ಲಿ ರಿಗ್, ಇನ್ನೊಂದರಲ್ಲಿ ಕಂಪ್ರೆಸರ್ ಮತ್ತು ರಾಡು. ಎಣ್ಣೆ ಬಾವಿಯೂ ಅದೇ ಜಾತಿ. ಆದರೆ ಆ ರಿಗ್ ಬಿಚ್ಚಿ ಸಾಗಿಸಲು ಹತ್ತಾರು ಟ್ರೈಲರ್ ಲೋಡ್ ಬೇಕು.

ಹಾಗಾದ್ರೆ ಯಾವ ಯಾವ ಗಾಡಿಗೆ ಡ್ರೈವರ್ ಬೇಕಾಗುತ್ತಾರೆ?

ಎಲ್ಲಕ್ಕಿಂತ ಜಾಸ್ತಿ ಬೇಕಾಗುವುದು ನೀರಿನ ಟ್ಯಾಂಕರ್‌ಗೆ. ಬಾವಿ ಕೊರೆಯುವಾಗ ಮಣ್ಣು, ನೀರು, ಕೆಮಿಕಲ್ ಕಲಸಿದ ಕೆಸರನ್ನು ಒಳಗೆ ಬಿಡುತ್ತಾ ಇರಬೇಕು. ಅದಕ್ಕೆ ಹಗಲು ರಾತ್ರಿ ನೀರು ಬೇಕು. ಕ್ಯಾಂಪಿನ ಸ್ನಾನ, ಅಡಿಗೆಗೆ ಬೇರೆ ನೀರು.

ಆಮೇಲೆ ಬಾವಿಗೆ ಇಳಿಸುವ ಉಕ್ಕಿನ ಪೈಪು ಹೊರುವ ಟ್ರೈಲರ್, ಸಿಮೆಂಟ್ ಬಲ್ಕರ್, ಹೊಲಸು ಹೀರುವ ವ್ಯಾಕ್ಯೂಮ್ ಟ್ಯಾಂಕರ್, ಪೈಪ್‌ಲೈನ್ ಇಲ್ಲದ ಬಾವಿಯಿಂದ ಕಚ್ಚಾ ಎಣ್ಣೆ ತರುವ ಟ್ಯಾಂಕರ್. ರಿಗ್ ಎತ್ತಿ ಇನ್ನೊಂದು ಜಾಗಕ್ಕೆ ಒಯ್ಯುವುದಕ್ಕೆ ರಿಗ್ ಮೂವ್ ಅನ್ನುತ್ತಾರೆ. ಅದಕ್ಕೆ ಲೋಬೆಡ್ ಟ್ರೈಲರ್, ವಿಂಚ್ ಕೂರಿಸಿದ ಲಾರಿ, ಕ್ರೇನ್ ಎಲ್ಲ ಬೇಕು. ರಿಗ್ ಮೂವ್ ಮಾಡಿದ ಡ್ರೈವರ್‌ಗೆ ಬೆಲೆ ಬೇರೆ. ಅವನು ಬರೀ ಡ್ರೈವರ್ ಅಲ್ಲ, ಅರ್ಧ ಮೇಸ್ತ್ರಿ.

ಕರ್ನಾಟಕದಲ್ಲಿ ಆಯಿಲ್ ಫೀಲ್ಡ್ ಇದೆಯಾ?

ಎಣ್ಣೆ ತೆಗೆಯುವ ಜಾಗ ನಮ್ಮಲ್ಲಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ಇದೆಯಲ್ಲ, ಅದು ರಿಫೈನರಿ. ಅಲ್ಲಿಗೆ ಕಚ್ಚಾ ಎಣ್ಣೆ ಹಡಗಿನಲ್ಲಿ ಬರುತ್ತದೆ. ಆದರೆ ಹಾಸನದವರಿಗೆ ಒಂದು ಅನುಕೂಲ ಇದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೈಪ್‌ಲೈನ್ 2003ರಲ್ಲಿ ಶುರುವಾಯಿತು, ಉದ್ದ ಸುಮಾರು 362 ಕಿಲೋಮೀಟರ್. ಆ ಪೈಪಿನ ಪೆಟ್ರೋಲ್, ಡೀಸೆಲ್ ಹಾಸನದ ಎಚ್‌ಪಿಸಿಎಲ್ ಟರ್ಮಿನಲ್‌ನಲ್ಲಿ ಇಳಿಯುತ್ತದೆ. ಅಲ್ಲಿಂದ ಟ್ಯಾಂಕರ್ ತುಂಬಿಕೊಂಡು ಬಂಕ್‌ಗಳಿಗೆ ಹೋಗುತ್ತವೆ.

ನನ್ನ ಮಾತು ಕೇಳುವುದಾದರೆ, ಮೊದಲು ಅಲ್ಲಿ ಯಾವುದಾದರೂ ಟ್ರಾನ್ಸ್‌ಪೋರ್ಟ್‌ನವರ ಹತ್ತಿರ ಸೇರಿ ಎರಡು ವರ್ಷ ಟ್ಯಾಂಕರ್ ಓಡಿಸಿ. ಮುಂದೆ ರಾಜಸ್ಥಾನದ ಬಾರ್ಮರ್‌ಗೆ ಹೋಗಿ, ಕುವೈತ್‌ಗೆ ಹೋಗಿ, ಇಂಟರ್‌ವ್ಯೂನಲ್ಲಿ ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಕಲಿತಿರುತ್ತೀರಿ. ಮನೆ ಊಟ ಬಿಡದೆ ಕಲಿಯುವ ಸ್ಕೂಲು ಅದು.

ಇಂಡಿಯಾದಲ್ಲಿ ಎಲ್ಲೆಲ್ಲಿ ಇದೆ?

ನಮಗೆ ಹತ್ತಿರದ್ದು ಕಾವೇರಿಯ ಕೊನೆ. ಗೊರೂರಿನಲ್ಲಿ ನಾವು ನೋಡುವ ಹೇಮಾವತಿ ನೀರು ಕಾವೇರಿ ಸೇರಿ ಕಡಲು ಮುಟ್ಟುವ ಕಡೆ, ಅಂದರೆ ಕಾರೈಕಾಲ್, ತಿರುವಾರೂರು, ನಾಗಪಟ್ಟಿಣಂ ಸುತ್ತ, ಕೇಂದ್ರ ಸರ್ಕಾರದ ಎಣ್ಣೆ ಕಂಪನಿ ಒಎನ್‌ಜಿಸಿಯ ಬಾವಿಗಳಿವೆ. ಆದರೆ ತಮಿಳುನಾಡು ಸರ್ಕಾರ 2020ರಲ್ಲಿ ತನಗೆ ಸೇರಿದ ಜಾಗವನ್ನು ರಕ್ಷಿತ ಕೃಷಿ ವಲಯ ಅಂತ ಮಾಡಿತು. ಹಾಗಾಗಿ ಅಲ್ಲಿ ಹೊಸ ಕೊರೆತದ ಕೆಲಸ ನಂಬಿಕೊಂಡು ಹೋಗಬೇಡಿ.

ಆಂಧ್ರದಲ್ಲಿ ರಾಜಮಂಡ್ರಿ ಕಡೆ ಇದೆ. ಗುಜರಾತ್‌ನಲ್ಲಿ ಮೆಹ್ಸಾಣಾ, ಅಂಕಲೇಶ್ವರ. ರಾಜಸ್ಥಾನದಲ್ಲಿ ಬಾರ್ಮರ್. ಅಸ್ಸಾಂನಲ್ಲಿ ಶಿವಸಾಗರ, ದುಲಿಯಾಜಾನ್. ಅಸ್ಸಾಂನ ದಿಗ್ಬೋಯ್‌ನಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತ್ತು. ಬಾಂಬೆ ಹೈ ಹೆಸರು ಎಲ್ಲರೂ ಕೇಳಿದ್ದಾರೆ. ಅದಿರುವುದು ಸಮುದ್ರದಲ್ಲಿ ಮಾರಾಯ್ರೆ, ಅಲ್ಲಿ ಲಾರಿಗೆ ಕೆಲಸ ಇಲ್ಲ. ಹೀಗೂ ಕೇಳಿದವರು ಇದ್ದಾರೆ, ಅದಕ್ಕೇ ಬರೆದೆ.

ಈ ಕೆಲಸ ಎಷ್ಟು ವರ್ಷ ಇರುತ್ತೆ?

ಪೈಪು ಬರುವವರೆಗೆ. ತಮಾಷೆಗೆ ಹೇಳುತ್ತಿಲ್ಲ.

ಬಾರ್ಮರ್‌ನ ಮಂಗಳಾ ಫೀಲ್ಡ್‌ ನೋಡಿ. ಎಣ್ಣೆ ಇದೆ ಅಂತ ಗೊತ್ತಾಗಿದ್ದು 2004ರಲ್ಲಿ, ಮೇಲೆ ಬರಲು ಶುರುವಾಗಿದ್ದು 2009ರಲ್ಲಿ. ಆ ಎಣ್ಣೆಯಲ್ಲಿ ಮೇಣದ ಅಂಶ ಜಾಸ್ತಿ, ತಣ್ಣಗಾದರೆ ಚಳಿಗಾಲದ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗುತ್ತದೆ. ಮೊದಮೊದಲು ಬಿಸಿ ಹಿಡಿದಿಡುವ ಟ್ಯಾಂಕರ್‌ಗಳಲ್ಲಿ ಗುಜರಾತ್‌ನ ಕಡಲ ತೀರಕ್ಕೆ ಒಯ್ಯುತ್ತಿದ್ದರು. 2010ರಲ್ಲಿ ದಾರಿಯುದ್ದಕ್ಕೂ ಬಿಸಿ ಕೊಡುವ ಪೈಪ್‌ಲೈನ್ ಶುರುವಾಯಿತು. ಆ ಟ್ಯಾಂಕರ್ ಓಡಾಟ ಅಲ್ಲಿಗೆ ಮುಗಿಯಿತು. ಮಂಗಳೂರಿನಿಂದ ಹಾಸನ, ಮೈಸೂರು ಮೇಲೆ ಸೋಲೂರಿಗೆ ಗ್ಯಾಸ್ ಪೈಪ್‌ಲೈನ್ ಹಾಕಿದ್ದೂ ಶಿರಾಡಿ ಘಾಟಿಯ ಗ್ಯಾಸ್ ಟ್ಯಾಂಕರ್ ಕಡಿಮೆ ಮಾಡುವುದಕ್ಕೇ. ಊರಿಗೆ ಒಳ್ಳೆಯದು, ಡ್ರೈವರ್‌ಗೆ ಅಲ್ಲ.

ಹಾಗಾಗಿ ಕೆಲಸ ಹಿಡಿಯುವಾಗ ಕೇಳಿ: ಕಾಂಟ್ರಾಕ್ಟ್ ಎಷ್ಟು ವರ್ಷದ್ದು, ಅದರಲ್ಲಿ ಎಷ್ಟು ಮುಗಿದಿದೆ, ಪೈಪ್ ಹಾಕುತ್ತಿದ್ದಾರಾ. ಸಂಬಳ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಇದನ್ನು ಕೇಳುವವರು ಕಡಿಮೆ.

ಡಿಎಲ್‌ನಲ್ಲಿ ಏನೇನು ಇರಬೇಕು?

ಹೆವಿ ಇರಲೇಬೇಕು. ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಲು 20 ವರ್ಷ ತುಂಬಿರಬೇಕು. ಕಾರಿನ ಲೈಸೆನ್ಸ್ ಬಂದು ಒಂದು ವರ್ಷ ಆಗಿರಬೇಕು. ಹಾಸನ, ಸಕಲೇಶಪುರ, ಚಿಕ್ಕಮಗಳೂರು ಮೂರೂ ಕಡೆ ಆರ್‌ಟಿಒ ಇದೆ.

ಎಣ್ಣೆ, ಗ್ಯಾಸ್, ಕೆಮಿಕಲ್ ಸಾಗಿಸಲು ಇನ್ನೊಂದು ಬೇಕು. ಅಪಾಯಕಾರಿ ಸಾಮಾನು ಸಾಗಿಸುವ ಮೂರು ದಿನದ ತರಬೇತಿ ಮುಗಿಸಿ, ಸರ್ಟಿಫಿಕೇಟ್ ಕೊಟ್ಟು, ಆರ್‌ಟಿಒದಲ್ಲಿ ಡಿಎಲ್ ಮೇಲೆ ಬರೆಸಬೇಕು. ನಮ್ಮವರು ಹಜಾರ್ಡಸ್ ಹಾಕಿಸೋದು ಅನ್ನುತ್ತಾರೆ. ಮಾಮೂಲಿ ಟ್ರಾನ್ಸ್‌ಪೋರ್ಟ್ ಡಿಎಲ್ ಐದು ವರ್ಷಕ್ಕೆ ಇದ್ದರೆ ಇದು 2019ರ ತಿದ್ದುಪಡಿಯ ಪ್ರಕಾರ ಮೂರು ವರ್ಷಕ್ಕೆ. ತಾರೀಖು ಮುಗಿದಿದ್ದರೆ ಟರ್ಮಿನಲ್ ಗೇಟಿನಲ್ಲೇ ವಾಪಸ್.

ಹೆವಿ ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ ಈಗ ಇಲ್ಲ. ಆದರೆ ಟ್ಯಾಂಕರ್‌ಗೆ ಓದು ಬರಹ ಬೇಕು. ಕ್ಯಾಬಿನ್‌ನಲ್ಲಿ ಟ್ರೆಮ್ ಕಾರ್ಡ್ ಅಂತ ಇರುತ್ತದೆ. ಒಳಗೆ ಏನಿದೆ, ಸೋರಿದರೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಲ್ಲ ಅದರಲ್ಲಿದೆ. ಓದಲು ಬರದಿದ್ದರೆ ಅದು ಬರೀ ಕಾಗದ. ಟ್ಯಾಂಕಿನ ಮೇಲಿನ ನಂಬರೂ ಗೊತ್ತಿರಲಿ: ಪೆಟ್ರೋಲ್ 1203, ಡೀಸೆಲ್ 1202, ಕಚ್ಚಾ ಎಣ್ಣೆ 1267, ಅಡಿಗೆ ಗ್ಯಾಸ್ 1075.

ಹತ್ತು ವರ್ಷ ಆಲೂಗಡ್ಡೆ, ಶುಂಠಿ ಲೋಡ್ ಓಡಿಸಿದ್ದೀನಿ. ಟ್ಯಾಂಕರ್ ಅಂದ್ರೆ ಅಷ್ಟೇನು ಬೇರೆ?

ಆಲೂಗಡ್ಡೆ ಮೂಟೆ ಹಾಕಿದ ಕಡೆ ಕೂತಿರುತ್ತದೆ. ನೀರು ಕೂರುವುದಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಜೀವ ಹೋಗುವುದು ಇಲ್ಲೇ.

ಅರ್ಧ ತುಂಬಿದ ಕೊಡ ತಲೆ ಮೇಲೆ ಇಟ್ಟುಕೊಂಡು ನಡೆದು ನೋಡಿ. ತುಂಬಿದ ಕೊಡ ಸುಮ್ನೆ ಇರುತ್ತದೆ, ಅರ್ಧ ಕೊಡ ನಿಮ್ಮನ್ನೇ ಎಳೆದಾಡುತ್ತದೆ. ಟ್ಯಾಂಕರ್‌ನಲ್ಲಿ ಬ್ರೇಕ್ ಹಾಕಿದಾಗ ಒಳಗಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನು ದೂಡುತ್ತದೆ. ತಿರುವಿನಲ್ಲಿ ಒಂದು ಪಕ್ಕಕ್ಕೆ ಏರುತ್ತದೆ. ನೀವು ಸ್ಟೇರಿಂಗ್ ನೇರ ಮಾಡಿದ ಮೇಲೂ ಅದು ಇನ್ನೂ ಅತ್ತಲೇ ಇರುತ್ತದೆ. ಮಗುಚುವುದು ಆಗಲೇ.

ಪೆಟ್ರೋಲ್ ಟ್ಯಾಂಕರ್‌ನಲ್ಲಿ ಬೇರೆ ಬೇರೆ ಕಂಪಾರ್ಟ್‌ಮೆಂಟ್ ಇರುತ್ತದೆ. ಬೇಲೂರಿನ ಬಂಕಿನಲ್ಲಿ ಒಂದು ಪೂರ್ತಿ ಖಾಲಿ ಮಾಡಿದರೆ ಉಳಿದದ್ದು ತುಂಬಿಯೇ ಇರುತ್ತದೆ, ಅಷ್ಟು ಕುಲುಕುವುದಿಲ್ಲ. ಆಯಿಲ್ ಫೀಲ್ಡ್‌ನ ನೀರಿನ ಟ್ಯಾಂಕರ್ ಉದ್ದಕ್ಕೂ ಒಂದೇ ಹೊಟ್ಟೆ. ಮಧ್ಯೆ ತೂತಿರುವ ತಡೆ ತಗಡು ಇರುತ್ತದೆ, ಅಷ್ಟೇ. ಜೊತೆಗೆ ನೀರು ಪೆಟ್ರೋಲಿಗಿಂತ ಭಾರ. 20,000 ಲೀಟರ್ ಪೆಟ್ರೋಲ್ ಸುಮಾರು 15 ಟನ್ ಇದ್ದರೆ ಅಷ್ಟೇ ನೀರು 20 ಟನ್. ನೀರು ತಾನೇ ಅಂತ ಹಗುರವಾಗಿ ತಗೊಂಡವರು ಮರಳಿನಲ್ಲಿ ಚಕ್ರ ಮೇಲೆ ಮಾಡಿ ಮಲಗಿದ್ದನ್ನು ನಾನೇ ನೋಡಿದ್ದೇನೆ.

ಶಿರಾಡಿ ಘಾಟಿಯಲ್ಲಿ ಮಳೆಗಾಲ ಟ್ಯಾಂಕರ್ ಇಳಿಸಿದವರಿಗೆ ಇದು ಕೈಗೇ ಗೊತ್ತಿರುತ್ತದೆ. ತಿರುವಿಗೆ ಮೊದಲೇ ಗೇರ್ ಇಳಿಸಬೇಕು, ತಿರುವಿನ ಒಳಗೆ ಬ್ರೇಕ್ ಮುಟ್ಟಬಾರದು. ಘಾಟಿ ಇಳಿದ ಮೇಲೆ ರೋಡ್ ಚೆನ್ನಾಗಿದೆ ಅಂತ ಮೈಮರೆತರೂ ಕಷ್ಟ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ಗ್ಯಾಸ್ ಸೋರಿ, ಬೆಂಕಿ ಹತ್ತಿ ಅಕ್ಕಪಕ್ಕದ ಮನೆಯವರು ಸತ್ತರು. ಆ ರೋಡಿನಲ್ಲಿ ಹೋಗುವಾಗ ಇವತ್ತಿಗೂ ನನ್ನ ಕಾಲು ತಾನಾಗೇ ಆಕ್ಸಿಲೇಟರ್‌ನಿಂದ ಮೇಲೇಳುತ್ತದೆ.

ಲೋಡಿಂಗ್ ಶಿಸ್ತು ಬೇರೆ. ಮೊಬೈಲ್, ಬೀಡಿ, ಬೆಂಕಿಪೊಟ್ಟಣ ಗೇಟಿನಲ್ಲೇ ಕೊಡಬೇಕು. ಸೈಲೆನ್ಸರ್‌ಗೆ ಕಿಡಿ ತಡೆಯುವ ಜಾಲರಿ, ಚಕ್ರಕ್ಕೆ ಅಡೆ, ಬ್ಯಾಟರಿ ಆಫ್, ಆಮೇಲೆ ಅರ್ಥಿಂಗ್ ಕ್ಲಿಪ್. ಪೈಪಿನಲ್ಲಿ ಎಣ್ಣೆ ಹರಿಯುವಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಅದು ಭೂಮಿಗೆ ಇಳಿಯದಿದ್ದರೆ ಒಂದು ಕಿಡಿ ಸಾಕು. ಅದಕ್ಕೇ ನೈಲಾನ್ ಬಟ್ಟೆ ಬೇಡ, ಕಾಟನ್ ಹಾಕಿ ಅನ್ನುವುದು.

ಒಎನ್‌ಜಿಸಿಗೆ ಅರ್ಜಿ ಹಾಕಬೇಕಾ?

ದೊಡ್ಡ ಕಂಪನಿಗಳ ಲಾರಿ ಕೆಲಸದ ಬಹುಪಾಲು ಕಾಂಟ್ರಾಕ್ಟರ್‌ದು. ಕಂಪನಿ ಟೆಂಡರ್ ಕರೆಯುತ್ತದೆ, ಟ್ರಾನ್ಸ್‌ಪೋರ್ಟ್‌ನವರು ಗಾಡಿ ಮತ್ತು ಡ್ರೈವರ್ ಎರಡೂ ಕೊಡುತ್ತಾರೆ. "ಒಎನ್‌ಜಿಸಿಯಲ್ಲಿ ಪರ್ಮನೆಂಟ್ ಡ್ರೈವರ್ ಪೋಸ್ಟ್, ಎರಡು ಲಕ್ಷ ಕೊಡಿ" ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಅಂಥ ನೇಮಕಾತಿ ಇದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲೇ ಇರುತ್ತದೆ, ಅದಕ್ಕೆ ಲಂಚ ಬೇಕಿಲ್ಲ.

ಕಾಂಟ್ರಾಕ್ಟರ್ ಹತ್ತಿರ ಸೇರುವಾಗ ಪಿಎಫ್ ನಂಬರ್ ಕೇಳಿ, ಸಂಬಳ ಬ್ಯಾಂಕಿಗೇ ಹಾಕಿಸಿಕೊಳ್ಳಿ. ಇಂಡಿಯಾದಲ್ಲಿ ಎಣ್ಣೆ ಬಾವಿ ಕಾನೂನಿನ ಲೆಕ್ಕದಲ್ಲಿ ಗಣಿ. ಧನಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಗಣಿ ಸುರಕ್ಷತಾ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ. ಕೆಲಸಕ್ಕೆ ಮೊದಲು ಮೆಡಿಕಲ್, ತರಬೇತಿ ಎಲ್ಲ ಆಗಬೇಕು. ಅದ್ಯಾವುದೂ ಬೇಡ ನಾಳೆಯೇ ಬಾ ಅನ್ನುವ ಕಾಂಟ್ರಾಕ್ಟರ್ ನಾಳಿದ್ದು ಸಂಬಳವನ್ನೂ ಬೇಡ ಅಂದಾನು.

ಗಲ್ಫ್‌ಗೆ ಹೋಗಲು ಏಜೆಂಟ್‌ಗೆ ಎಷ್ಟು ಕೊಡಬೇಕು?

ಕಾನೂನು ಪ್ರಕಾರ ಲೈಸೆನ್ಸ್ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಫೀಸು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ರಸೀದಿ ಕೊಡಬೇಕು. ಏಜೆಂಟ್‌ಗೆ 1983ರ ವಲಸೆ ಕಾಯ್ದೆಯ ಅಡಿ ವಿದೇಶಾಂಗ ಇಲಾಖೆಯ ಲೈಸೆನ್ಸ್ ಇರಬೇಕು. ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ನೋಡಬಹುದು. ಒಂದು ಏಜೆನ್ಸಿಯ ಲೈಸೆನ್ಸ್ ತೋರಿಸಿ "ನಾನು ಅವರ ಸಬ್ ಏಜೆಂಟ್" ಅನ್ನುವವರೇ ನಮ್ಮ ಕಡೆ ಜಾಸ್ತಿ. ಅದು ನಡೆಯುವುದಿಲ್ಲ.

ನಾನೂ ಮೋಸ ಹೋದವನೇ. ಮೊದಲ ಸಲ ಒಬ್ಬ ಏಜೆಂಟ್ ಅಮ್ಮನ ಸರ ಅಡ ಇಟ್ಟು ತಂದ ದುಡ್ಡು ಇಸಕೊಂಡು, ಪಾಸ್‌ಪೋರ್ಟನ್ನೂ ಇಟ್ಟುಕೊಂಡು, ಏಳು ತಿಂಗಳು "ಮುಂದಿನ ವಾರ ವೀಸಾ" ಅಂದ. ಪಾಸ್‌ಪೋರ್ಟ್ ವಾಪಸ್ ಸಿಕ್ಕಿತು, ದುಡ್ಡು ಸಿಗಲಿಲ್ಲ. ಎರಡನೇ ಸಲ ಬೆಂಗಳೂರಿನಲ್ಲಿ ಕಂಪನಿಯವರೇ ಬಂದು ಗಾಡಿ ಓಡಿಸಿ ನೋಡಿ ತೆಗೆದುಕೊಂಡರು. ಆಗ ಕೆಲಸಕ್ಕೆ ಬಂದಿದ್ದು ಹಾಸನದ ಟ್ಯಾಂಕರ್ ಅನುಭವದ ಪತ್ರ.

ರಾಜ್ಯ ಸರ್ಕಾರದ ಕೌಶಲ್ಯ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ. ದುಡ್ಡು ಕೈ ಬಿಡುವ ಮೊದಲು ಅಲ್ಲಿ ಒಂದು ಸಲ ಕೇಳಿ. ಬಸ್ ಚಾರ್ಜ್ ಬಿಟ್ಟರೆ ಹೋಗುವುದೇನೂ ಇಲ್ಲ.

ಹತ್ತನೇ ಕ್ಲಾಸ್ ಪಾಸಾಗಿಲ್ಲ. ತೊಂದರೆಯಾ?

ತೊಂದರೆ ಅಲ್ಲ, ಒಂದು ಹೆಜ್ಜೆ ಜಾಸ್ತಿ. ಪಾಸ್‌ಪೋರ್ಟ್ ಇಸಿಆರ್ ಆಗುತ್ತದೆ, ಅಂದರೆ ವಲಸೆ ತಪಾಸಣೆ ಬೇಕಾದ ಪಾಸ್‌ಪೋರ್ಟ್. ಕುವೈತ್, ಸೌದಿ, ಒಮಾನ್, ಕತಾರ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಇದನ್ನು ತಪ್ಪಿಸಿ ಕಳಿಸುತ್ತೇನೆ ಅನ್ನುವವರನ್ನು ನಂಬಬೇಡಿ. ಕಂಪನಿ ನಿಜವಾ, ಸಂಬಳ ಎಷ್ಟು ಅಂತ ಸರ್ಕಾರ ನೋಡುವುದು ಅಲ್ಲೇ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ವಿಮೆ ಆಗುತ್ತದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ. ಒಂದು ಬಿರಿಯಾನಿ ದುಡ್ಡು.

ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸ ಹುಡುಕಬಹುದಾ?

ಬೇಡ. ಕೆಲಸಕ್ಕೆ ಕೆಲಸದ ವೀಸಾನೇ ಬೇಕು, ಅದರಲ್ಲೂ ಸರಿಯಾದ ನಂಬರಿನದು. ಕುವೈತ್‌ನಲ್ಲಿ 18ನೇ ನಂಬರ್ ವೀಸಾ ಕಂಪನಿ ಕೆಲಸಕ್ಕೆ, 20ನೇ ನಂಬರ್ ಮನೆ ಕೆಲಸಕ್ಕೆ. ಮನೆ ಡ್ರೈವರ್ ಅಂತ 20ರಲ್ಲಿ ಕರೆಸಿ ಟ್ಯಾಂಕರ್ ಕೊಡುತ್ತೇವೆ ಅಂದರೆ ಸಿಕ್ಕಿಬಿದ್ದ ದಿನ ಜೈಲಿಗೆ ಹೋಗುವವರು ನೀವು. ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು ಅಂತ ಹೇಳಿ ಆಜಾದ್ ವೀಸಾ ಅಂತಲೂ ಮಾರುತ್ತಾರೆ. ಅಂಥ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ.

ಮೆಡಿಕಲ್‌ನಲ್ಲಿ ಏನು ನೋಡ್ತಾರೆ?

ಎದೆಯ ಎಕ್ಸ್‌ರೇ, ರಕ್ತ, ಕಣ್ಣು, ಬಿಪಿ, ಶುಗರ್. ಟಿಬಿಯ ಹಳೇ ಕಲೆ ಕಂಡರೂ ಅನ್‌ಫಿಟ್ ಅನ್ನಬಹುದು. ಹೆಪಟೈಟಿಸ್ ಬಿ, ಎಚ್ಐವಿ ಇದ್ದರೆ ಆಗುವುದಿಲ್ಲ. ಊರ ಡಾಕ್ಟರ ಹತ್ತಿರ ಮೊದಲೇ ಒಂದು ಸಲ ತೋರಿಸಿಕೊಂಡು ಆಮೇಲೆ ಏಜೆನ್ಸಿ ಮೆಡಿಕಲ್‌ಗೆ ಹೋಗಿ, ದುಡ್ಡು ಉಳಿಯುತ್ತದೆ.

ನಮ್ಮ ಡಿಎಲ್ ಅಲ್ಲಿ ನಡೆಯುತ್ತಾ?

ಲಾರಿಗೆ ನಡೆಯುವುದಿಲ್ಲ. ಅಲ್ಲಿನ ಹೆವಿ ಲೈಸೆನ್ಸ್ ಬೇರೆ ಮಾಡಿಸಬೇಕು. ಸ್ಟೇರಿಂಗ್ ಎಡಕ್ಕೆ, ಗಾಡಿ ಓಡುವುದು ರೋಡಿನ ಬಲಕ್ಕೆ. ಮೊದಲ ತಿಂಗಳು ಸರ್ಕಲ್ ಕಂಡರೆ ನನಗೆ ಬೆವರು ಬರುತ್ತಿತ್ತು. ಟೆಸ್ಟ್ ಖರ್ಚು ಯಾರದು, ಫೇಲಾದರೆ ಏನು ಅಂತ ಆಫರ್ ಲೆಟರ್‌ನಲ್ಲೇ ನೋಡಿ.

ಸಂಬಳ ಎಷ್ಟು ಬರುತ್ತೆ?

ಒಂದೇ ಅಂಕೆ ಹೇಳಿದರೆ ಸುಳ್ಳಾಗುತ್ತದೆ. ಹೇಗೆ ಲೆಕ್ಕ ಹಾಕಬೇಕು ಅಂತ ಹೇಳುತ್ತೇನೆ. ಏಜೆಂಟ್ ಹೇಳುವುದು ಎಲ್ಲ ಓವರ್‌ಟೈಮ್ ಸೇರಿಸಿದ ಮೊತ್ತ. ನೀವು ಬೇಸಿಕ್ ಎಷ್ಟು ಅಂತ ಕೇಳಿ, ಯಾಕೆಂದರೆ ರಿಗ್ ನಿಂತ ತಿಂಗಳು ಬರುವುದು ಅದು ಮಾತ್ರ. ರೂಮ್, ಊಟ ಯಾರದು? ರಜಕ್ಕೆ ಟಿಕೆಟ್ ಯಾರದು? ಗಾಡಿಗೆ ಡ್ಯಾಮೇಜ್ ಆದರೆ ಸಂಬಳದಲ್ಲಿ ಹಿಡಿಯುತ್ತಾರಾ? ಇದೆಲ್ಲ ಕಳೆದು ಉಳಿದದ್ದನ್ನು ಹಾಸನದಲ್ಲಿ ಟ್ರಿಪ್ ಬಾಟಾ ಸೇರಿ ಬರುವುದರ ಜೊತೆ ಹೋಲಿಸಿ. ಸಾಲದ ಬಡ್ಡಿಯನ್ನೂ ಕಳೆಯಲು ಮರೆಯಬೇಡಿ. ಅದನ್ನು ಕಳೆದ ಮೇಲೆ ಸುಮ್ನೆ ಊರಲ್ಲೇ ಉಳಿದವರನ್ನೂ ನೋಡಿದ್ದೇನೆ.

ವಿಷ ಗ್ಯಾಸ್ ಇರುತ್ತಂತೆ, ನಿಜಾನಾ?

ನಿಜ. ಹೈಡ್ರೋಜನ್ ಸಲ್ಫೈಡ್, ಅಲ್ಲಿ ಎಲ್ಲರೂ ಎಚ್ ಟೂ ಎಸ್ ಅನ್ನುತ್ತಾರೆ. ಕೊಳೆತ ಮೊಟ್ಟೆ ವಾಸನೆ. ಜನ ತಪ್ಪು ತಿಳಿಯುವುದು ಇಲ್ಲೇ: ವಾಸನೆ ನಿಂತರೆ ಗ್ಯಾಸ್ ಹೋಯಿತು ಅಂದುಕೊಳ್ಳುತ್ತಾರೆ. ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ನೂರು ಪಾಲು ಆಗುವ ಹೊತ್ತಿಗೆ ಮೂಗೇ ಸತ್ತುಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. ಇನ್ನೂ ಜಾಸ್ತಿಯಾದರೆ ಕೆಲವೇ ಉಸಿರಿಗೆ ಬೀಳುತ್ತೀರಿ. ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತಿರುತ್ತದೆ.

ಅದಕ್ಕೇ ಎದೆಗೆ ಸಿಕ್ಕಿಸುವ ಮೀಟರ್ ಕೊಡುತ್ತಾರೆ. ಬಾವಿ ಹತ್ತಿರ ಹೋದ ತಕ್ಷಣ ಮೇಲೆ ಹಾರುವ ಗಾಳಿಚೀಲ ನೋಡಿ ಗಾಳಿ ಎತ್ತ ಬೀಸುತ್ತಿದೆ ತಿಳಿದುಕೊಳ್ಳಿ. ಗಾಡಿಯ ಮೂತಿ ಯಾವಾಗಲೂ ಗೇಟಿನ ಕಡೆ ಇರಲಿ. ಮೀಟರ್ ಕೂಗಿದರೆ ಗಾಳಿಗೆ ಅಡ್ಡಡ್ಡ ಓಡಿ, ಆಮೇಲೆ ಗಾಳಿ ಬರುವ ದಿಕ್ಕಿಗೆ. ಬಿದ್ದವನನ್ನು ಎತ್ತಲು ಮಾಸ್ಕ್ ಇಲ್ಲದೆ ಹೋಗಬೇಡಿ. ಕಲ್ಲು ಮನಸ್ಸು ಅನ್ನಿಸಬಹುದು. ಹೋದರೆ ಇಬ್ಬರೂ ಬೀಳುತ್ತೀರಿ. ನಮ್ಮ ಕಡೆ ಹಳೇ ಬಾವಿಗೆ ಒಬ್ಬನ ಹಿಂದೆ ಒಬ್ಬ ಇಳಿದು ಸಾಯುತ್ತಾರಲ್ಲ, ಅದೇ ಕಥೆ.

ಬಿಸಿಲು ತಡೆಯೋಕಾಗುತ್ತಾ?

ಹಾಸನದವರಿಗೆ 36 ಡಿಗ್ರಿ ಆದರೆ ಪೇಪರ್‌ನಲ್ಲಿ ಸುದ್ದಿ. ಕುವೈತ್‌ನ ಮಿತ್ರಿಬಾದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ಆಗಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಕಾನೂನಿದೆ. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4. ಕ್ಯಾಬಿನ್‌ನಲ್ಲಿ ಎಸಿ ಇರುತ್ತದೆ, ಕಷ್ಟ ಬರುವುದು ಹೋಸ್ ಜೋಡಿಸಲು ಇಳಿದಾಗ. ಬಿಸಿಲಿಗಿಂತ ಧೂಳಿನ ಗಾಳಿ ಕೆಟ್ಟದ್ದು. ಬಾನೆಟ್ ಕಾಣುವುದಿಲ್ಲ. ನಿಲ್ಲಿಸಿ, ಲೈಟ್ ಹಾಕಿ, ಕೂತಿರಿ. ತಡವಾಯಿತು ಅಂತ ಯಾರೂ ಬೈಯುವುದಿಲ್ಲ. ಇದೊಂದು ವಿಷಯದಲ್ಲಿ ಅವರು ನಮಗಿಂತ ಎಷ್ಟೋ ಮೇಲು.

ಹಿಂದಿ ಬರಲ್ಲ. ಆಗುತ್ತಾ?

ಆರು ತಿಂಗಳಲ್ಲಿ ಹಿಂದಿ, ಮಲಯಾಳ, ಸ್ವಲ್ಪ ಅರಬ್ಬಿ ಮೂರೂ ಬರುತ್ತದೆ. ಹೊಟ್ಟೆ ಕಲಿಸುತ್ತದೆ.

ಅಮೆರಿಕದಲ್ಲಿ ಲಾರಿ ಡ್ರೈವರ್‌ಗೆ ಭಾರಿ ದುಡ್ಡಂತೆ?

ಒಂದು ಕಾಲದಲ್ಲಿ ಹೌದು. ನಾರ್ತ್ ಡಕೋಟದ ವಿಲಿಸ್ಟನ್ ಸುತ್ತ ಎಣ್ಣೆ ಉಕ್ಕಿದಾಗ ದೇಶದ ಮೂಲೆಮೂಲೆಯಿಂದ ಡ್ರೈವರ್‌ಗಳು ಹೋದರು. ಮಲಗಲು ಮನೆ ಸಿಗದೆ ಗಾಡಿಯಲ್ಲೇ ಮಲಗಿದರು. 2014ರ ಕೊನೆಯಲ್ಲಿ ಎಣ್ಣೆ ಬೆಲೆ ಬಿದ್ದಾಗ ಬಹಳ ಜನ ವಾಪಸ್ ಹೋದರು. ಅಲ್ಲಿ ಸಿಡಿಎಲ್ ಅನ್ನುವ ಲೈಸೆನ್ಸ್, ಅದರ ಮೇಲೆ ಟ್ಯಾಂಕರ್‌ಗೆ ಒಂದು, ಅಪಾಯಕಾರಿ ಸಾಮಾನಿಗೆ ಇನ್ನೊಂದು ಮುದ್ರೆ ಬೇಕು.

ನಮಗೆ ಅದೆಲ್ಲ ದೂರದ ಮಾತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಲಾರಿ ಡ್ರೈವರ್‌ಗಳಿಗೆ ಕೆಲಸದ ವೀಸಾ ಕೊಡುವುದನ್ನೇ ನಿಲ್ಲಿಸಿತು. "ಟೆಕ್ಸಾಸ್ ಆಯಿಲ್ ಫೀಲ್ಡ್, ವೀಸಾ ಗ್ಯಾರಂಟಿ" ಅಂತ ವಾಟ್ಸಾಪ್ ಬಂದರೆ ಡಿಲೀಟ್ ಮಾಡಿ.

ಅಣ್ಣಾ, ಅಷ್ಟು ಚೆನ್ನಾಗಿದ್ದರೆ ನೀವ್ಯಾಕೆ ವಾಪಸ್ ಬಂದ್ರಿ?

ನಮ್ಮ ಕ್ಯಾಂಪಿಗೆ ನೀರಿನ ಪೈಪ್ ಬಂತು. ಕೊನೆಯ ಎರಡು ತಿಂಗಳು ಆ ಪೈಪುಗಳನ್ನೇ ಟ್ರೈಲರ್‌ನಲ್ಲಿ ತಂದು ರೋಡಿನ ಪಕ್ಕ ಇಳಿಸುವ ಕೆಲಸ ಕೊಟ್ಟಿದ್ದರು. ಒಳ್ಳೆ ಓವರ್‌ಟೈಮ್ ಬಂತು.